ಅಡಿಗಲ್ಲಿಗೆ ಸರಪಳಿ

ಊರಿನ ರಸ್ತೆ ಎರಡಾಗಿ ಕವಲೊಡೆಯುವ ಕಡೆ ಆ ಕುಲುಮೆ ಇತ್ತು. ಮೂರು ಕಡೆ ಗೋಡೆ, ರಸ್ತೆಯ ಕಡೆಗೆ ಬಯಲು, ಮೇಲೆ ಹೊಗೆ ಕುಡಿದು ಕಪ್ಪಾದ ತಗಡು. ಹಿಂದಿನ ಗೋಡೆಯಲ್ಲಿದ್ದ ಬಾಗಿಲು ದಾಟಿದರೆ ಮನೆಯ ಅಡುಗೆಕೋಣೆ. ಹಾಲು ಉಕ್ಕುವ ಸದ್ದೂ ಕಾದ ಕಬ್ಬಿಣ ನೀರಿಗೆ ಬಿದ್ದು ಚುಂಯ್ ಅನ್ನುವ ಸದ್ದೂ ಒಂದೇ ಸೂರಿನ ಕೆಳಗೆ ಕೇಳುತ್ತಿದ್ದವು.

ಅಲ್ಲಿ ಮೂವರ ಕೆಲಸ. ಮಾವ ಯಜಮಾನ. ಅವರ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಎದುರಿಗೆ ಮಗ, ಎರಡೂ ಕೈಯಲ್ಲಿ ಎತ್ತಬೇಕಾದ ಸಮ್ಮಟಿಗೆ ಹಿಡಿದು. ಊರವರ ಬಾಯಲ್ಲಿ ಅವನು ಬಂಡೆ. ಮೈಕಟ್ಟಿಗೆ ಬಂದ ಹೆಸರೋ, ಬಾಯಿ ಬಿಡದ ಸ್ವಭಾವಕ್ಕೆ ಬಂದದ್ದೋ ಹೇಳುವುದು ಕಷ್ಟ. ಬೇರೆಯವರು ಒಂದು ದಿನದಲ್ಲಿ ಖರ್ಚು ಮಾಡುವ ಮಾತನ್ನು ಅವನು ಒಂದು ವಾರ ಇಟ್ಟುಕೊಂಡು ಆಡುತ್ತಿದ್ದ. ಮೂಲೆಯಲ್ಲಿ ತಿದಿಯ ಹಗ್ಗ ಹಿಡಿದು ಕೂರುವವಳು ಸೊಸೆ. ತೊಗಲಿನ ಆ ದೊಡ್ಡ ತಿದಿ ಅವಳು ಎಳೆದಾಗ ಉಸಿರು ತುಂಬಿಕೊಂಡು, ಬಿಟ್ಟಾಗ ಬುಸ್ ಎಂದು ಇದ್ದಿಲಿನ ಮೇಲೆ ಊದುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ತೋಳು ಊದಿಕೊಳ್ಳುತ್ತಿತ್ತು. ಈಗ ಅದು ಅವಳಿಗೆ ತೊಟ್ಟಿಲು ತೂಗಿದಷ್ಟು ಸಲೀಸು.

ಕೆಲಸದ ನಡುವೆ ಮಾತಿಲ್ಲ. ಮಾವ ಸುತ್ತಿಗೆಯಿಂದ ಕಬ್ಬಿಣದ ಮೇಲೆ ಒಂದು ಕಡೆ ತಟ್ಟಿ ತೋರಿಸುತ್ತಾರೆ, ಬಂಡೆ ಅಲ್ಲೇ ಬಡಿಯುತ್ತಾನೆ. ತೋರಿಸು, ಬಡಿ. ತೋರಿಸು, ಬಡಿ. ಮಗ ಬೇರೆಲ್ಲಾದರೂ ಇದ್ದರೆ ಮಾವ ಅಡಿಗಲ್ಲಿನ, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ಉಕ್ಕಿನ ದಿಮ್ಮಿಯ, ಬರಿಮೈ ಮೇಲೆ ಎರಡು ಸಲ ತಟ್ಟುತ್ತಿದ್ದರು: ಟಿಣ್, ಟಿಣ್. ಅದು ಕಾಲುವೆಯ ಆಚೆ ದಡಕ್ಕೂ ಕೇಳುತ್ತಿತ್ತು. ಉಣ್ಣುತ್ತಿದ್ದರೂ ಸರಿ, ಸ್ನಾನಕ್ಕೆ ನೀರು ಮೊಗೆಯುತ್ತಿದ್ದರೂ ಸರಿ, ಬಂಡೆಯ ಕಾಲು ಆ ಕಡೆಗೆ ತಿರುಗುತ್ತಿತ್ತು. ಮೀಸೆ ಮೂಡುವ ಮೊದಲಿನಿಂದ ಆದ ಅಭ್ಯಾಸ. ಆ ಅಡಿಗಲ್ಲಿನ ದನಿ ಎಂದರೆ ಮಾವನಿಗೂ ಪ್ರಾಣ. "ಬೇರೆಯವರ ಅಡಿಗಲ್ಲು ಕೆಮ್ಮುತ್ತೆ, ನಮ್ಮದು ಹಾಡುತ್ತೆ" ಎನ್ನುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಲೆಯಿಂದ ತೆಗೆದ ಕಬ್ಬಿಣ ಕೆಂಪಗಿರುವಷ್ಟು ಹೊತ್ತಿಗೆ ಅವರು ಒಂದು ಕಾವು ಎನ್ನುತ್ತಿದ್ದರು. ಕಾವು ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕಬಾರದು, ಯಾರೂ ಕೈ ನಿಲ್ಲಿಸಬಾರದು. ಮನೆಗೆ ಬೆಂಕಿ ಬಿದ್ದರೂ ಕಾವು ಮುಗಿದ ಮೇಲೆ ನೋಡಿಕೊಳ್ಳುವುದು.

ಆ ವರ್ಷ ಬಿತ್ತನೆಗೆ ಮುಂಚೆ ಒಂದು ವೈರಲ್ ಜ್ವರ ಊರಿನ ಮನೆಮನೆ ಸುತ್ತಿತು. ಮೊದಲು ಬಂದದ್ದು ಹಾಲಿನ ವ್ಯಾನಿನವನಿಗೆ. ಬೆಳಗಾಗೆದ್ದು ಪೇಟೆಗೆ ಹಾಲು ಸಾಗಿಸುವ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು; ಹಾಕಿದ ಮೇಲೆ ನಿಲ್ಲುತ್ತಿರಲಿಲ್ಲ. "ಹಾಲು ಸಾಗಿಸೋನು ನಾನೇ, ಜ್ವರ ಹಂಚಿದವನೂ ನಾನೇ. ಜ್ವರಕ್ಕೆ ಮಾತ್ರ ಯಾರೂ ನೀರು ಬೆರೆಸಿದ್ದೀಯ ಅನ್ನಲಿಲ್ಲ" ಎಂದು ಅವನೇ ನಗುತ್ತಿದ್ದ. ಮೈಕೈ ನೋವು, ಗಂಟಲು ಉರಿ, ಒಂದಿಷ್ಟು ದಿನ ಹಾಸಿಗೆ. ಎಲ್ಲರೂ ಎದ್ದರು. ಬಂಡೆಯೂ ಎದ್ದ.

"ಇನ್ನೂ ಸ್ವಲ್ಪ ದಿನ ಮಲಗಲಿ ಮಾವ. ಮುಖದಲ್ಲಿ ಕಳೆಯೇ ಇಲ್ಲ" ಎಂದಳು ಸೊಸೆ.

ಮಾವ ಒಲೆಯ ಬೂದಿ ಕೆದಕುತ್ತ ತಲೆಯಾಡಿಸಿದರು. "ಕಾದ ಕಬ್ಬಿಣವನ್ನ ಬೂದಿಯಲ್ಲಿ ಮಲಗಿಸಿಟ್ಟರೆ ಏನಾಗುತ್ತೆ ಹೇಳು?"

"ಮೆತ್ತಗಾಗುತ್ತೆ."

"ಹ್ಞಾಂ. ಜ್ವರ ಅಂದ್ರೆ ಮೈ ಕಾದಿದ್ದು ಅಷ್ಟೇ. ಕಾದ ಮೇಲೆ ಬಡಿಬೇಕು ತಾಯಿ, ಆಗಲೇ ಹದ. ನಮ್ಮಪ್ಪ ನನಗೂ ಹಂಗೇ ಮಾಡಿದ್ದು. ನಾಲ್ಕು ದಿನ ಬೆವರು ಹರಿಸಲಿ, ಮೈಯೊಳಗೆ ಉಳಿದಿದ್ದೆಲ್ಲ ತೊಳೆದು ಹೋಗುತ್ತೆ."

ಬಂಡೆ ಅತ್ತ ಅಪ್ಪನನ್ನು ನೋಡಿದ, ಇತ್ತ ಹೆಂಡತಿಯನ್ನು ನೋಡಿದ, ಸಮ್ಮಟಿಗೆ ತೆಗೆದುಕೊಂಡ.

ತಿದಿಯ ಮೂಲೆಯಿಂದ ಅವಳಿಗೆ ಕಾಣುತ್ತಿದ್ದುದು ಗಂಡನ ಬೆನ್ನು. ಅವನು ಸಮ್ಮಟಿಗೆ ಎತ್ತುವಾಗ ಉಸಿರು ಒಳಗೆ, ಇಳಿಸುವಾಗ ಹೊರಗೆ, ಅವಳ ತಿದಿಯಂತೆಯೇ. ಈಗ ಆ ಲೆಕ್ಕ ತಪ್ಪಿತ್ತು. ಒಂದು ಏಟಿಗೆ ಎರಡು ಉಸಿರು. ಮನೆಯಲ್ಲೂ ಅಷ್ಟೇ, ದಿಂಬಿನ ಮೇಲೆ ದಿಂಬಿಟ್ಟು ಒರಗಿಕೊಂಡೇ ಮಲಗುತ್ತಿದ್ದ. ಬಗ್ಗಿ ಮೆಟ್ಟು ಹಾಕಿಕೊಂಡರೆ ಏದುಸಿರು. ಎದೆಯ ನಡುವೆ ಅಂಗೈಯಿಟ್ಟು ತಿಕ್ಕಿಕೊಳ್ಳುತ್ತಿದ್ದ. ಕೇಳಿದರೆ "ಜ್ವರ ಬಿಟ್ಟ ಸುಸ್ತು" ಎನ್ನುತ್ತಿದ್ದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಅವನು ಬಿದ್ದ ದಿನ ಅವರು ಒಂದು ದಪ್ಪ ಹಾರೆಯ ತುದಿ ಚೂಪು ಮಾಡುತ್ತಿದ್ದರು. ಅವನ ಕತ್ತಿನ ಹಿಂದೆ ಬೆವರು ಒಡೆದದ್ದನ್ನು, ಕಿವಿಯ ಬಣ್ಣ ಬೂದಿಯಾದದ್ದನ್ನು ಅವಳು ಕಂಡಳು. ನಿಲ್ಲಿಸಿ ಎನ್ನಬೇಕು ಎಂದುಕೊಂಡಳು. ಹಾರೆ ಇನ್ನೂ ಕೆಂಪಗಿತ್ತು. ಈ ಕಾವು ಮುಗಿಯಲಿ, ಹೇಳೋಣ, ಎಂದು ನಾಲಿಗೆ ಕಚ್ಚಿ ಹಿಡಿದಳು. ಮಾವ ತೋರಿಸಿದರು, ಏಟು ಬಿತ್ತು. ತೋರಿಸಿದರು, ಬಿತ್ತು. ತೋರಿಸಿದರು, ಏಟು ಬರಲಿಲ್ಲ. ಮಾವ ತಲೆಯೆತ್ತದೆ ಇನ್ನೊಮ್ಮೆ ತಟ್ಟಿದರು. ಬಂಡೆ ನಿಂತಲ್ಲೇ ಮೊಣಕಾಲು ಮಡಚಿ, ಸಮ್ಮಟಿಗೆಯ ಹಿಡಿಯನ್ನು ಬಿಡದೆಯೇ, ಪಕ್ಕಕ್ಕೆ ಮಗುಚಿಕೊಂಡ.

ಪುಣ್ಯಕ್ಕೆ ರೇಡಿಯೋನ ವ್ಯಾನು ಕವಲುದಾರಿಯಲ್ಲೇ ನಿಂತಿತ್ತು. ಹಾಲಿನ ಖಾಲಿ ಕ್ಯಾನುಗಳನ್ನು ರಸ್ತೆಗೆ ಉರುಳಿಸಿ, ಆ ಜಾಗದಲ್ಲಿ ಬಂಡೆಯನ್ನು ಮಲಗಿಸಿದರು. ಪೇಟೆಯ ಆಸ್ಪತ್ರೆ ತಲುಪುವವರೆಗೂ ರೇಡಿಯೋ ಒಂದು ಮಾತೂ ಆಡಲಿಲ್ಲ. ಅದನ್ನು ಕಂಡೇ ಅವಳಿಗೆ ಹೆದರಿಕೆ ಹೆಚ್ಚಾಯಿತು.

ಅಲ್ಲಿನ ಡಾಕ್ಟರಮ್ಮ ಎತ್ತರದ, ನಿಧಾನದ ಹೆಂಗಸು. ಇಸಿಜಿ, ರಕ್ತ ಪರೀಕ್ಷೆ, ಹೃದಯದ ಸ್ಕ್ಯಾನ್ ಎಲ್ಲ ಮಾಡಿಸಿ, ಬಂಡೆಯ ಎದೆಗೆ ವೈರು ಅಂಟಿಸಿ ಮಲಗಿಸಿದ ಮೇಲೆ, ಮಾವನನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡರು.

"ಜೀವಕ್ಕೆ ಸದ್ಯಕ್ಕೆ ಅಪಾಯ ಇಲ್ಲ. ಆದರೆ ಹೃದಯದ ಸ್ನಾಯು ಊದಿಕೊಂಡಿದೆ. ಈಚೆಗೆ ಜ್ವರ ಬಂದಿತ್ತು ಅಂದ್ರಲ್ಲ, ಆ ವೈರಸ್ಸಿನಿಂದಲೇ ಆಗಿರಬೇಕು ಅನ್ನಿಸುತ್ತೆ. ಕೆಲವರಲ್ಲಿ ಅದು ಗಂಟಲು, ಮೂಗು ಬಿಟ್ಟು ಹೃದಯದವರೆಗೂ ಹೋಗುತ್ತೆ. ಊದಿಕೊಂಡ ಹೃದಯದ ಮೇಲೆ ಭಾರ ಹಾಕಿದರೆ ಬಡಿತದ ತಾಳ ತಪ್ಪುತ್ತೆ. ಹಿಂಗೆ ಕುಸಿದು ಬೀಳೋದು ಅದಕ್ಕೇ."

"ಊರಿಗೂರೇ ಮಲಗಿತ್ತಲ್ಲಮ್ಮ" ಎಂದಳು ಸೊಸೆ. "ಎಲ್ಲರೂ ಎದ್ದು ಓಡಾಡ್ತಿದ್ದಾರೆ. ಇವರಿಗೆ ಮಾತ್ರ ಯಾಕೆ?"

"ಅದು ನನಗೂ ಗೊತ್ತಿಲ್ಲಮ್ಮ. ಯಾರಿಗಾಗುತ್ತೆ ಅಂತ ಮೊದಲೇ ಹೇಳೋ ಹಂಗಿದ್ದರೆ ನನ್ನ ಕೆಲಸ ಅರ್ಧ ಕಮ್ಮಿ ಆಗ್ತಿತ್ತು. ಹೆಚ್ಚಿನವರಿಗೆ ಏನೂ ಆಗಲ್ಲ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೆಲಸ ಏನು ಇವರದ್ದು?"

ಮಾವ ತಮ್ಮ ಎರಡು ಕೈಗಳನ್ನೂ ಮೊಣಕಾಲಿನ ಮೇಲೆ ಮಗುಚಿ ಇಟ್ಟುಕೊಂಡು ಅವನ್ನೇ ನೋಡುತ್ತಿದ್ದರು. ಸೊಸೆಯೇ ಹೇಳಿದಳು.

"ಹಾಗಾದ್ರೆ ಸಮ್ಮಟಿಗೆ ಮುಟ್ಟೋ ಹಂಗಿಲ್ಲ. ಭಾರ ಎತ್ತೋದು, ಓಡೋದು, ಬೆವರು ಹರಿಯೋ ಕೆಲಸ ಯಾವುದೂ ಬೇಡ. ಮಾತ್ರೆ ತಪ್ಪಿಸಬಾರದು. ನಡುನಡುವೆ ಬಂದು ತೋರಿಸ್ತಾ ಇರಿ. ಕೊಯ್ಲಿನ ಹೊತ್ತಿಗೆ ಮತ್ತೆ ಸ್ಕ್ಯಾನ್ ಮಾಡಿ ಹೇಳ್ತೀನಿ. ಒಂದು ಮಾತು ನೆನಪಿಡಿ. ಹೃದಯ ವಾಸಿ ಆಗೋದಕ್ಕಿಂತ ಮುಂಚೆ ಅವರಿಗೆ ವಾಸಿ ಆಯ್ತು ಅನ್ನಿಸುತ್ತೆ. ಅಪಾಯ ಇರೋದೇ ಆಗ. ಚೆನ್ನಾಗಿದ್ದೀನಿ ಅಂತ ಅವರು ಹೇಳಿದ ದಿನ ನೀವು ಇನ್ನೂ ಗಟ್ಟಿ ಹಿಡೀಬೇಕು."

"ಹಿಡೀತೀನಿ" ಎಂದಳು ಅವಳು. ಆ ಮಾತನ್ನು ಡಾಕ್ಟರಮ್ಮನಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ. ಇನ್ನೊಂದು ಕಾವು ಮುಗಿಯಲಿ ಎಂದು ತಾನು ಇನ್ನೆಂದೂ ಕಾಯುವುದಿಲ್ಲ ಎಂಬುದು ಮಾತ್ರ ಅವಳಿಗೆ ಆ ಕುರ್ಚಿಯಲ್ಲಿ ಕೂತಾಗಲೇ ಖಚಿತವಾಗಿತ್ತು.

ಬಂಡೆ ಮನೆಗೆ ಬಂದ. ಬಿತ್ತನೆಯೂ ಬಂತು. ಕುಲುಮೆಯ ಮುಂದೆ ಮೊಂಡಾದ ನೇಗಿಲ ಗುಳಗಳು ರಾಶಿ ಬಿದ್ದವು. ಸಮ್ಮಟಿಗೆ ಹಿಡಿಯಲು ಊರಲ್ಲಿ ಗಂಡಸರಿರಲಿಲ್ಲ ಎಂದಲ್ಲ, ಆ ಹೊತ್ತಿನಲ್ಲಿ ಎಲ್ಲರಿಗೂ ಅವರವರ ಹೊಲ. ಮಾವ ಒಬ್ಬರೇ ಸಣ್ಣ ಸುತ್ತಿಗೆಯಲ್ಲಿ ಗುಳ ಹಣಿಯಲು ಕೂತರು. ಮಗ ಎದುರಿಗಿದ್ದಾಗ ಮೂರು ಕಾವಿನಲ್ಲಿ ಮುಗಿಯುತ್ತಿದ್ದುದನ್ನು ಅವರು ಹತ್ತು ಕಾವಿನಲ್ಲಿ ಮುಗಿಸಬೇಕಾಯಿತು. ಮಗನ ವಿಷಯ ಅವರು ಎತ್ತುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವರಲ್ಲಿ ಒಂದು ಬಿಗಿತ ಬಂದಿತ್ತು. ಡಾಕ್ಟರ ಮಾತನ್ನು ನಂಬಿದರೆ, ಮಗನನ್ನು ಹಾಸಿಗೆಯಿಂದ ಎಬ್ಬಿಸಿ ಅಡಿಗಲ್ಲಿನ ಮುಂದೆ ನಿಲ್ಲಿಸಿದವರು ತಾವೇ ಎಂಬುದನ್ನೂ ನಂಬಬೇಕಾಗುತ್ತಿತ್ತು. ಅದಕ್ಕೆ ನಂಬದಿರುವುದೇ ಅವರಿಗೆ ಸುಲಭವಾಗಿತ್ತು.

ಕೆಲವು ವಾರ ಕಳೆದವು. ಬಂಡೆಯ ಮುಖಕ್ಕೆ ಬಣ್ಣ ಬಂತು. ಒಂದೇ ದಿಂಬಿನ ಮೇಲೆ ಮಲಗಿದ. ಅಂಗಳ ಸುತ್ತಿದ. ಒಂದು ಬೆಳಿಗ್ಗೆ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, "ಚೆನ್ನಾಗಿದ್ದೀನಿ" ಎಂದ.

ಡಾಕ್ಟರಮ್ಮ ಹೇಳಿದ್ದ ದಿನ ಬಂತು ಎಂದುಕೊಂಡಳು ಅವಳು.

ಅದೇ ಮಧ್ಯಾಹ್ನ ಅವಳು ತಿದಿ ಎಳೆಯುತ್ತಿದ್ದಳು. ಮಾವ ಒಲೆಯಿಂದ ಗುಳ ತೆಗೆದು ಅಡಿಗಲ್ಲಿನ ಮೇಲಿಟ್ಟು, ಕೈಯ ಅಭ್ಯಾಸಕ್ಕೆ ಬರಿಮೈ ಮೇಲೆ ತಟ್ಟಿದರು: ಟಿಣ್, ಟಿಣ್. ಕರೆಯಬೇಕೆಂದು ಕರೆದದ್ದಲ್ಲ. ಅಡುಗೆಕೋಣೆಯ ಬಾಗಿಲು ಸರಿಯಿತು. ಬಂಡೆ ಬರಿಗಾಲಲ್ಲಿ ಬಂದು, ಗೋಡೆಗೆ ಒರಗಿಸಿದ್ದ ಸಮ್ಮಟಿಗೆ ಎತ್ತಿಕೊಂಡು, ತನ್ನ ಜಾಗದಲ್ಲಿ ನಿಂತ. ಮಾವ ತಲೆಯೆತ್ತಿದರು. ಗುಳ ಕೆಂಪಗಿತ್ತು. ಕಾವು ನಡೆಯುತ್ತಿತ್ತು. ಅವರು ಸುತ್ತಿಗೆಯಿಂದ ತಟ್ಟಿ ಜಾಗ ತೋರಿಸಿದರು.

ಸಮ್ಮಟಿಗೆ ಭುಜದವರೆಗೆ ಎದ್ದಿತ್ತು. ಅವಳು ಹಗ್ಗ ಬಿಟ್ಟು ಎದ್ದಳು. ನೆಲದಲ್ಲಿದ್ದ ಇನ್ನೊಂದು ಇಕ್ಕಳ ತೆಗೆದು, ಮಾವನ ಕೈಯಿಂದ ಆ ಗುಳವನ್ನು ಕಿತ್ತುಕೊಂಡು ನೀರಿನ ತೊಟ್ಟಿಗೆ ಅದ್ದಿಬಿಟ್ಟಳು. ಚುಂಯ್ ಎಂದು ಹಬೆ ಎದ್ದು ಮೂವರ ಮುಖವನ್ನೂ ಮುಚ್ಚಿತು. ಒಳಗೆ ಎಲ್ಲೋ ಕಬ್ಬಿಣ ಟಿಕ್ಕೆಂದು ಬಿರಿದ ಸದ್ದು.

ಆ ಕುಲುಮೆಯಲ್ಲಿ ಅಂಥ ಕೆಲಸವನ್ನು ಅದುವರೆಗೆ ಯಾರೂ ಮಾಡಿರಲಿಲ್ಲ.

"ಹುಚ್ಚು ಹಿಡಿದಿದೆಯೇನೇ ನಿನಗೆ!" ಎಂದರು ಮಾವ. "ಅನ್ನ ಕೊಡೋ ಗುಳ ಅದು!"

"ಗುಳ ಇನ್ನೊಂದು ಮಾಡಬಹುದು ಮಾವ." ಅವಳು ಗಂಡನ ಕಡೆ ತಿರುಗಿ ಸಮ್ಮಟಿಗೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಬಿಡ್ರಿ."

"ನಾನೇನು ಬರಬೇಕು ಅಂತ ಬಂದಿಲ್ಲ" ಎಂದ ಬಂಡೆ ಸಣ್ಣ ದನಿಯಲ್ಲಿ. "ಕಾಲು ಬಂತು."

"ಕಾಲಿಗೆ ಹೇಳಿ, ಎದೆಯನ್ನ ಕೇಳ್ಕೊಂಡು ಬಾ ಅಂತ."

ಅವನು ಬಿಟ್ಟ. ಹಿಡಿ ಬಿಟ್ಟ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

ಮಾವ ನೀರಿನಿಂದ ಗುಳ ಎತ್ತಿ ಬಿರುಕನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. "ಎಷ್ಟು ದಿನ ಅಂತ ಮಲಗಿಸಿಡ್ತೀಯ ಅವನನ್ನ? ಮೆತ್ತಗಾಗಿ ಹೋಗ್ತಾನೆ."

"ಬಡಿದು ಬಡಿದು ಬಿಗಿದ ಕಬ್ಬಿಣವನ್ನ ಏನು ಮಾಡ್ತೀರಿ ನೀವು? ಇನ್ನೊಂದು ಏಟು ಹಾಕಿದರೆ ಸೀಳುತ್ತೆ ಅಂತ ಬೂದಿಯಲ್ಲಿ ಹುಗಿದು ಮಲಗಿಸಲ್ವಾ?"

"ಅದು ಕಬ್ಬಿಣ ತಾಯಿ. ಇವನು ಮನುಷ್ಯ."

"ಜ್ವರ ಬಿಟ್ಟಾಗ ಮನುಷ್ಯ ಆಗಿರಲಿಲ್ವಾ? ಆವಾಗ ಕಬ್ಬಿಣ, ಈಗ ಮನುಷ್ಯನಾ?"

ಬಂಡೆಯ ಮೂಗಿನಿಂದ ನಗೆಯಂಥ ಒಂದು ಉಸಿರು ಬಂತು. ಇಬ್ಬರೂ ತಿರುಗಿ ನೋಡಿದ್ದಕ್ಕೆ ಅವನು ಒಳಗೆ ಹೋದ.

ಅವಳು ಹಿತ್ತಲಿಗೆ ಹೋಗಿ, ಕೊಡಕ್ಕೆ ಕಟ್ಟುತ್ತಿದ್ದ ಹಳೆಯ ಬಾವಿ ಸರಪಳಿಯನ್ನು ಎಳೆದು ತಂದಳು. ಅದನ್ನು ಅಡಿಗಲ್ಲಿನ ಸೊಂಟಕ್ಕೆ ಸುತ್ತು ಹಾಕಿ ಬಿಗಿದಳು. ಸುತ್ತಿಗೆ ತೆಗೆದು ಬರಿಮೈ ಮೇಲೆ ತಟ್ಟಿದಳು. ಟಿಣ್ ಎನ್ನಬೇಕಾದ್ದು ದಬ್ ಎಂದಿತು.

"ಇದೇನು?" ಎಂದರು ಮಾವ.

"ಇನ್ನು ಮೇಲೆ ಇದು ಕರೆಯಬಾರದು. ಸಮ್ಮಟಿಗೆ ನಾನು ಹಿಡೀತೀನಿ. ನೀವು ಜಾಗ ತೋರಿಸಿ, ನಾನು ಬಡೀತೀನಿ."

"ನೀನಾ?"

"ಮತ್ಯಾರು, ರೇಡಿಯೋನಾ?"

"ಸಮ್ಮಟಿಗೆ ಬೇಕಾದ್ರೆ ಹಿಡಿ, ಬೇಡ ಅನ್ನಲ್ಲ. ಸರಪಳಿ ಬೇಡ. ನನ್ನ ಅಡಿಗಲ್ಲಿನ ಬಾಯಿ ಕಟ್ಟೋಕೆ ಬಿಡಲ್ಲ ನಾನು." ಮಾವ ಬಗ್ಗಿ ಸರಪಳಿ ಬಿಚ್ಚಿ ಮೂಲೆಗೆ ಎಸೆದರು.

ಅವಳು ವಾದ ಮಾಡಲಿಲ್ಲ. ತಿದಿಯ ಹಗ್ಗವನ್ನು ಮೇಲಿನ ಗೂಟಕ್ಕೆ ಸುತ್ತಿ, ತನ್ನ ಮಣೆಯ ಮೇಲೆ ಕೈ ಮಡಿಲಲ್ಲಿಟ್ಟು ಕೂತಳು. ಒಲೆಯ ಕೆಂಡದ ಬಿಳುಪು ಹೋಗಿ ಕೆಂಪಾಯಿತು, ಕೆಂಪು ಹೋಗಿ ಬೂದಿ ಮುಚ್ಚಿತು. ಮಾವ ಕಾದರು, ಕೆಮ್ಮಿದರು, ತಾವೇ ಹಗ್ಗ ಬಿಚ್ಚಿ ಎಳೆದು ನೋಡಿದರು. ಆದರೆ ತಿದಿ ಎಳೆಯುತ್ತ ಇಕ್ಕಳ ಹಿಡಿಯಲು ಯಾರಿಗೂ ಮೂರನೆಯ ಕೈ ಇರುವುದಿಲ್ಲ. ಗುಳ ಕೇಳಲು ಬಂದ ಇಬ್ಬರು ಹೊಲದವರು, ಒಲೆ ಆರಿದ್ದನ್ನೂ ಸೊಸೆ ಕೂತಿದ್ದನ್ನೂ ಮಾವನ ಮುಖವನ್ನೂ ಒಂದು ಸುತ್ತು ನೋಡಿ, "ನಾಳೆ ಬರ್ತೀವಿ ಬಿಡಿ ಯಜಮಾನ್ರೇ" ಎಂದು ಜಾರಿಕೊಂಡರು.

ಸಂಜೆ ಮಾವ ಊಟಕ್ಕೆ ಬಂದಾಗ ಅವಳು ಎಂದಿನಂತೆಯೇ ಬಡಿಸಿದಳು. ಬಂಡೆ ಅಪ್ಪನನ್ನೂ ಹೆಂಡತಿಯನ್ನೂ ನೋಡುತ್ತ, ಕೊನೆಗೆ, "ನನ್ನಿಂದ ಇಷ್ಟೆಲ್ಲ" ಎಂದ.

"ನಿನ್ನಿಂದ ಅಲ್ಲ" ಎಂದರು ಮಾವ. ತುತ್ತು ಕೈಯಲ್ಲೇ ಇತ್ತು. "ನಿನ್ನಿಂದ ಅಲ್ಲ ಕಣೋ." ಆಮೇಲೆ ಊಟ ಬಿಟ್ಟು ಎದ್ದರು.

ಬೆಳಿಗ್ಗೆ ಅವಳು ಇದ್ದಿಲು ಹಾಕಲು ಹೋದಾಗ ಸರಪಳಿ ಅಡಿಗಲ್ಲಿನ ಸೊಂಟದಲ್ಲಿತ್ತು. ಅವಳು ಸುತ್ತಿದಂತೆ ಸಡಿಲವಾಗಿ ಅಲ್ಲ. ಕೊಂಡಿಗೆ ಕೊಂಡಿ ಕೂಡಿಸಿ, ನಡುವೆ ಹಳೇ ತೊಗಲಿನ ತುಂಡು ತುರುಕಿ, ಕಸುಬುದಾರನ ಕೈ ಬಿಗಿದಂತೆ. ಮಾವ ಬೆನ್ನು ತಿರುಗಿಸಿ ಇಕ್ಕಳ ಒರೆಸುತ್ತಿದ್ದರು.

"ದೊಡ್ಡದು ಬೇಡ. ಆ ಮೂಲೆಯಲ್ಲಿ ನನ್ನ ಅಮ್ಮ ಹಿಡೀತಿದ್ದ ಚಿಕ್ಕ ಸಮ್ಮಟಿಗೆ ಇದೆ, ಅದನ್ನ ತಗೋ" ಎಂದರು. "ಕಾಲು ಅಗಲಿಸಿ ನಿಲ್ಲು. ತೋಳಿನಿಂದ ಬಡೀಬೇಡ, ಸೊಂಟದಿಂದ ಬಡಿ."

ಅವಳ ಮೊದಲ ಏಟು ಅಡಿಗಲ್ಲಿನ ಅಂಚಿಗೆ ಬಿತ್ತು. ಎರಡನೆಯದು ಗುಳಕ್ಕೆ ತಾಗಿತು, ಆದರೆ ಓರೆ. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು, ಬಟ್ಟೆ ಸುತ್ತಿಕೊಂಡಳು. ಅವಳ ಏಟಿಗೆ ಬಲ ಸಾಲದೆಂದು ಮಾವ ಕಬ್ಬಿಣವನ್ನು ಹೆಚ್ಚು ಕಾಯಿಸಿ, ಬೆಳ್ಳಗಾದ ಮೇಲೆಯೇ ತೆಗೆಯತೊಡಗಿದರು. ಅವಳು ತಿದಿ ಬಿಟ್ಟು ಎದ್ದದ್ದರಿಂದ ತಿದಿಗೆ ಕೈ ಇಲ್ಲವಾಯಿತು. ಅದಕ್ಕೂ ಅವಳೇ ಒಂದು ದಾರಿ ಮಾಡಿದಳು: ಗುಳ ತಂದವನು ತನ್ನ ಗುಳ ಮುಗಿಯುವವರೆಗೆ ತಿದಿ ಎಳೆಯಬೇಕು, ಇಲ್ಲದಿದ್ದರೆ ಗುಳ ವಾಪಸು. ಹೊಲದವರು ಗೊಣಗಿದರು, ಎಳೆದರು.

ರೇಡಿಯೋ ತನ್ನ ವ್ಯಾನಿನ ಮುರಿದ ಕೊಂಡಿ ಹಿಡಿದು ಬಂದಾಗ ಅವನನ್ನೂ ಬಿಡಲಿಲ್ಲ. "ಏನ್ ಯಜಮಾನ್ರೇ, ಅಡಿಗಲ್ಲಿಗೆ ನೆಗಡಿಯಾ? ದನಿಯೇ ಬಿದ್ದುಹೋಗಿದೆ" ಎಂದ ಅವನು, ಹಗ್ಗ ಎಳೆಯುತ್ತ.

ಮಾವನ ಸುತ್ತಿಗೆ ಒಂದು ಗಳಿಗೆ ತಡೆಯಿತು.

"ಹ್ಞೂಂ, ನೆಗಡಿ" ಎಂದರು ಮಾವ. "ನೀನು ಹಂಚಿದ್ದೇ ಅಲ್ವೇನೋ? ಜೋರಾಗಿ ಎಳಿ, ಮಾತು ಕಮ್ಮಿ ಮಾಡು."

ಮಳೆ ಹಿಡಿಯಿತು, ಬಿಟ್ಟಿತು. ಬಂಡೆ ಒಳಗಿನ ಕಿಟಕಿಯ ಬಳಿ ಕೂತು ಕುಡುಗೋಲಿನ ಹಲ್ಲುಗಳಿಗೆ ಅರ ಹಾಕುವ ಹಗುರದ ಕೆಲಸ ಹಿಡಿದ. ಮೊದಮೊದಲು ಅವನ ಮುಖ ಗಂಟಿಕ್ಕಿರುತ್ತಿತ್ತು. ತನ್ನ ಜಾಗದಲ್ಲಿ ಹೆಂಡತಿ ನಿಂತು ಬಡಿಯುವುದನ್ನು ಗೋಡೆಯಾಚೆಯಿಂದ ಕೇಳುವುದು ಅವನಿಗೆ ಕಷ್ಟವಾಗಿತ್ತು. ಒಂದೆರಡು ಸಲ "ಈಗ ಪೂರ್ತಿ ಸರಿಹೋಗಿದೆ ಕಣೇ" ಎಂದ. ಅವಳು ಬಟ್ಟೆ ಸುತ್ತಿದ ಅಂಗೈಯನ್ನು ಅವನ ಎದೆಯ ಮೇಲಿಟ್ಟು, "ಅದನ್ನ ಡಾಕ್ಟರಮ್ಮ ಹೇಳಲಿ" ಎಂದಳು. ಇನ್ನೊಂದು ದಿನ ಅವನು ಅವಳ ಕೈಯ ಬಟ್ಟೆ ಬಿಚ್ಚಿ, ಒಣಗಿ ದಪ್ಪಗಾದ ಚರ್ಮವನ್ನು ತನ್ನ ಅಂಗೈಯ ಚರ್ಮದ ಪಕ್ಕದಲ್ಲಿಟ್ಟು ನೋಡಿದ. ಅವನದು ಮೆತ್ತಗಾಗುತ್ತ ಬಂದಿತ್ತು, ಅವಳದು ಗಟ್ಟಿಯಾಗುತ್ತ. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಕೊಯ್ಲಿನ ಹೊತ್ತಿಗೆ ಅವರಿಬ್ಬರೂ ರೇಡಿಯೋನ ವ್ಯಾನಿನಲ್ಲಿ ಪೇಟೆಗೆ ಹೋದರು. ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ತುಂಬ ಹೊತ್ತು ನೋಡಿದರು.

"ಊತ ಇಳಿದಿದೆ. ಬಲ ಮುಕ್ಕಾಲು ಪಾಲು ಬಂದಿದೆ. ಆದರೆ ಇಲ್ಲಿ ನೋಡಿ, ಹೃದಯದ ಈ ಗೋಡೆ ಇನ್ನೂ ಸೋಮಾರಿ. ಬಡಿತವೂ ಆಗಾಗ ಒಂದೊಂದು ಎಡವುತ್ತಿದೆ. ಸಮ್ಮಟಿಗೆ ಇನ್ನೂ ಬೇಡ."

ಬಂಡೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಕೈ ನಿಂತಿತು. "ಎಂದೂ ಬೇಡವಾ?"

"ಹಾಗೆ ಹೇಳ್ತಿಲ್ಲ. ಮುಂದಿನ ಬಿತ್ತನೆಗೆ ಮತ್ತೆ ನೋಡೋಣ. ಅಲ್ಲಿಯವರೆಗೆ ಸಣ್ಣಪುಟ್ಟ ಕೆಲಸ ಶುರು ಮಾಡಬಹುದು. ಕೂತು ಮಾಡೋ ಕೆಲಸ ಏನಾದ್ರೂ ಇದೆಯಾ ಅಲ್ಲಿ?"

"ತಿದಿ ಇದೆ" ಎಂದಳು ಅವಳು. "ನಿಧಾನಕ್ಕೆ ಎಳೆದರೆ ಭಾರ ಇಲ್ಲ. ಜೋರು ಕಾವಿಗೆ ಬೇರೆಯವರು ಎಳೀತಾರೆ."

"ಸರಿ. ಅದಕ್ಕೊಂದು ಅಳತೆ ಹೇಳ್ತೀನಿ. ಮಾತಾಡ್ತಾ ಮಾಡೋಕೆ ಆದರೆ ಆ ಕೆಲಸ ಮಾಡಬಹುದು. ಉಸಿರು ಸಾಲದೆ ಮಾತು ನಿಂತರೆ, ಕೈಯೂ ಆಗಲೇ ನಿಲ್ಲಬೇಕು."

ಹೊರಗೆ ಬಂದು ವ್ಯಾನು ಹತ್ತುವಾಗ ಅವಳು, "ಬೇಜಾರಾಯ್ತಾ?" ಎಂದಳು.

ಅವನು ವ್ಯಾನಿನ ಬಾಗಿಲು ಎಳೆದುಕೊಂಡ. "ಸಮ್ಮಟಿಗೆ ಹೋಗಲಿ. ಮಾತಾಡು ಅಂದ್ರಲ್ಲ, ಅದು ಕಷ್ಟ."

ಮಾವ ಬೆಳಗಿನಿಂದ ಕಾಯುತ್ತಿದ್ದರು. ಒಳ್ಳೆಯ ಸುದ್ದಿಯೇ ಬರುತ್ತದೆ ಎಂದು ಅವರ ಮನಸ್ಸು ಹೇಳಿತ್ತು. ಸರಪಳಿ ಬಿಚ್ಚಿ, ತೊಗಲು ಕಿತ್ತು, ಅಡಿಗಲ್ಲಿಗೆ ಎಣ್ಣೆ ಸವರಿ ಉಜ್ಜಿಟ್ಟಿದ್ದರು. ದೊಡ್ಡ ಸಮ್ಮಟಿಗೆಗೆ ಹೊಸ ಹಿಡಿ ಕೂರಿಸಿದ್ದರು. ವ್ಯಾನು ಕವಲುದಾರಿಗೆ ಬಂದದ್ದೇ ತಡ, ಅವರು ಸುತ್ತಿಗೆ ಎತ್ತಿದರು.

ಟಿಣ್, ಟಿಣ್.

ಎಷ್ಟೋ ತಿಂಗಳಿಂದ ಕಟ್ಟಿಟ್ಟಿದ್ದ ದನಿ, ಕಾಲುವೆ ದಾಟಿ ಹೋಯಿತು. ವ್ಯಾನಿನಿಂದ ಇಳಿಯುತ್ತಿದ್ದ ಬಂಡೆಯ ಕಾಲು ನೆಲ ಮುಟ್ಟಿದ ಕೂಡಲೇ ಆ ಕಡೆಗೆ ತಿರುಗಿತು. ಅವಳು ಕೈ ಚಾಚಿದಳು, ಮುಟ್ಟಲಿಲ್ಲ. ಇದೊಂದು ಸಲ ಅವನೇ ನಿಲ್ಲಬೇಕು ಎಂದು ಅವಳಿಗೆ ಯಾಕೋ ಅನ್ನಿಸಿತು.

ಅವನು ನಡೆದ. ಹೊಸ ಹಿಡಿಯ ಸಮ್ಮಟಿಗೆಯ ಪಕ್ಕದಲ್ಲೇ ನಡೆದ. ಅದನ್ನು ನೋಡಿದ, ಮುಟ್ಟಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಸರಪಳಿ ಎತ್ತಿಕೊಂಡು ಬಂದು ಅಡಿಗಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ಇನ್ನೂ ಇಲ್ಲ ಅಪ್ಪ" ಎಂದ. "ಕಾಯೋಣ."

ಮಾವ ಸುತ್ತಿಗೆ ಕೆಳಗಿಟ್ಟು, ಮಗನ ಎದುರಿಗೆ ತಾವೂ ಕೂತರು. ಒಬ್ಬರು ಕೊಂಡಿ ಹಿಡಿದರು, ಒಬ್ಬ ಎಳೆದ. ತೊಗಲಿನ ತುಂಡನ್ನು ಮಾವನೇ ತಂದು ತುರುಕಿದರು. "ಗಟ್ಟಿ ಎಳೀಬೇಡ" ಎಂದರು ನಡುವೆ, ಗದರುವಂತೆ. "ನಾನು ಎಳೀತೀನಿ, ಬಿಡು."

ಮರುದಿನ ಕುಡುಗೋಲಿನ ಕೆಲಸ ರಾಶಿ ಬಿದ್ದಿತ್ತು. ಅವಳು ಚಿಕ್ಕ ಸಮ್ಮಟಿಗೆ ಹಿಡಿದು ಗಂಡನ ಜಾಗದಲ್ಲಿ ನಿಂತಳು. ಬಂಡೆ ಅವಳ ಮಣೆಯ ಮೇಲೆ ಕೂತು ತಿದಿಯ ಹಗ್ಗ ಹಿಡಿದ. ಮಾವ ಒಲೆಯಿಂದ ಕಬ್ಬಿಣ ತೆಗೆದರು. ಕೆಂಪಗಿತ್ತು.

ಬಂಡೆ ಹಗ್ಗ ಎಳೆದ, ಬಿಟ್ಟ. ಬುಸ್.

"ಮಾತಾಡ್ರಿ" ಎಂದಳು ಅವಳು, ತಿರುಗದೆ.

"ಕಾವು ನಡೀತಿದೆ" ಎಂದ ಬಂಡೆ.

"ಮಾತಾಡು ಅಂದ್ರೆ ಮಾತಾಡೋ!" ಎಂದು ಮಾವ ಗುಡುಗಿದರು. ತಾವೇ ಇಟ್ಟುಕೊಂಡು ಬಂದ ನಿಯಮ ಹಾಗೆ ಅವರ ಬಾಯಿಂದಲೇ ಮುರಿಯಿತು.

ಬಂಡೆ ಗಂಟಲು ಸರಿಮಾಡಿಕೊಂಡ. ಹಗ್ಗ ಎಳೆದ. "ಆ... ವ್ಯಾನಿನ ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಇತ್ತು ನಿನ್ನೆ" ಎಂದ. ಬಿಟ್ಟ. ಬುಸ್. "ರೇಡಿಯೋಗೆ ಹೇಳಬೇಕು ಅಂದ್ಕೊಂಡೆ." ಎಳೆದ. "ಹೇಳೋಕೆ ಅವನು ಸಂದು ಕೊಡಲಿಲ್ಲ."

ಮಾವ ತೋರಿಸಿದರು, ಅವಳು ಬಡಿದಳು. ದಬ್. ಬೆನ್ನ ಹಿಂದಿನಿಂದ ಗಂಡನ ದನಿ ಬರುತ್ತಿತ್ತು: ಡಾಕ್ಟರಮ್ಮನ ಮೇಜಿನ ಕಾಲು ಅಲುಗುತ್ತಿತ್ತಂತೆ, ಒಂದು ಆಣಿ ಸಾಕಂತೆ, ಅರ ಸವೆದಿದೆಯಂತೆ, ಚಿಕ್ಕವನಿದ್ದಾಗ ಇದೇ ತಿದಿಯೊಳಗೆ ಬೆಕ್ಕು ಮರಿ ಹಾಕಿತ್ತಂತೆ, ಅಪ್ಪ ಮರಿಗಳು ಕಣ್ಣು ಬಿಡುವವರೆಗೆ ಒಲೆ ಹಚ್ಚಿರಲಿಲ್ಲವಂತೆ. "ಸುಳ್ಳು" ಎಂದರು ಮಾವ. "ಸುಳ್ಳಲ್ಲ" ಎಂದ ಬಂಡೆ. ದನಿ ಎಲ್ಲೂ ಎಡವಲಿಲ್ಲ. ಮಾತು ಒಂದು ಗಳಿಗೆ ನಿಂತಾಗ ಅವಳ ಸಮ್ಮಟಿಗೆ ಗಾಳಿಯಲ್ಲೇ ನಿಂತಿತು. ಕೆಂಪು ಕಬ್ಬಿಣ ಕಪ್ಪಾಗುತ್ತಿದ್ದರೂ ನಿಂತಿತು. ಮಾವನ ಸುತ್ತಿಗೆಯೂ ನಿಂತಿತು.

"ಏನಿಲ್ಲ, ಏನಿಲ್ಲ" ಎಂದ ಬಂಡೆ. "ಮುಂದೆ ಏನು ಹೇಳೋದು ಅಂತ ಯೋಚನೆ ಮಾಡ್ತಿದ್ದೆ."

ಹಾಲಿನ ಕ್ಯಾನು ಹೊತ್ತು ಹೊರಗೆ ಬಂದು ನಿಂತಿದ್ದ ರೇಡಿಯೋ ಬಾಯಿ ತೆರೆದು ನೋಡುತ್ತಿದ್ದ. "ಬಂಡೆಗೂ ಬಾಯಿ ಬಂತಲ್ಲೋ! ನನ್ನ ಕಸುಬಿಗೇ ಕೈ ಹಾಕ್ತೀಯಾ?"

"ನೀನು ಸುಮ್ಮನಿರು" ಎಂದಳು ಅವಳು. "ಅವರು ಮಾತಾಡಲಿ."

ಕಬ್ಬಿಣ ತಣ್ಣಗಾಗಿತ್ತು. ಮಾವ ಅದನ್ನು ಮತ್ತೆ ಕೆಂಡದೊಳಗೆ ನೂಕಿದರು. ಬಂಡೆ ಹಗ್ಗ ಎಳೆದು, ಬೆಕ್ಕಿನ ಮರಿಗಳ ಕತೆಯನ್ನು ಮೊದಲಿಂದ ಶುರು ಮಾಡಿದ. ಅವಳು ಕಾಲು ಅಗಲಿಸಿ ನಿಂತು, ಕಿವಿಯನ್ನು ಹಿಂದೆ ಇಟ್ಟು, ಸಮ್ಮಟಿಗೆ ಎತ್ತಿದಳು.